ಆಪ್ತಸಮಾಲೋಚಕರಿಗೆ ಬೇಕಾದ ಅನುಮಾನ

ಪಣಂಬೂರು ಎಂದರೆ ಹೊರಗಿನವರಿಗೆ ಬೀಚು, ಅಲ್ಲಿ ದುಡಿಯುವವರಿಗೆ ಶಿಫ್ಟು. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ನವಮಂಗಳೂರು ಬಂದರು, ಅದರ ಆಸುಪಾಸಿನ ರಸಗೊಬ್ಬರ ಕಾರ್ಖಾನೆ, ಕುದುರೆಮುಖ ಕಂಪನಿಯ ಪೆಲೆಟ್ ಘಟಕ, ಹೆದ್ದಾರಿಯ ಲಾರಿಗಳು, ಇವೆಲ್ಲದರ ಸುತ್ತ ಹಗಲು ರಾತ್ರಿಯ ಭೇದವಿಲ್ಲದೆ ಬೆಳೆದ ಬದುಕು ಅಲ್ಲಿಯದು. ಪಾಳಿಯಲ್ಲಿ ದುಡಿಯುವವರಲ್ಲಿ ಖಿನ್ನತೆಯ ಲಕ್ಷಣ ಕಾಣಿಸಿಕೊಳ್ಳುವ ಸಂಭವ ಉಳಿದವರಿಗಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ಎಂದು 2019ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಹೇಳುತ್ತದೆ. ನಿದ್ದೆ ಕೆಟ್ಟು, ಮನೆಯವರ ಜೊತೆ ಮಾತು ನಿಂತು, ಸಂಜೆಯ ಕುಡಿತ ಅಭ್ಯಾಸವಾದ ಮೇಲೆ ಇಂಥವರು ಕೌನ್ಸೆಲಿಂಗ್‌ಗೆ ಬರುತ್ತಾರೆ, ಅದೂ ಬಂದರೆ. ಎದುರು ಕುಳಿತ ಆಪ್ತಸಮಾಲೋಚಕರಲ್ಲಿ ಏನಿರಬೇಕು? ಸೇವಾಭಾವ, ಕರುಣೆ ಎಂಬುದು ಸಿದ್ಧ ಉತ್ತರ. ಆ ವೃತ್ತಿಗೆ ಬರಲು ಅವು ಸಾಕು. ನೆರವು ಕೇಳಿ ಬಂದವರು ಗುಣವಾಗಲು ಅದರ ಜೊತೆಗೆ ಇನ್ನೊಂದು ಬೇಕು: ತನ್ನ ಕೆಲಸದ ಮೇಲೆ ತನಗೇ ಒಂದಿಷ್ಟು ಅನುಮಾನ.

ಈ ಮಾತಿಗೆ ಪುರಾವೆ ಇದೆ. ಅಮೆರಿಕದ 129 ಮನೋಚಿಕಿತ್ಸಕರಿಗೆ, ಸಹೋದ್ಯೋಗಿಗಳಿಗೆ ಹೋಲಿಸಿದರೆ ನೀವು ಎಲ್ಲಿ ನಿಲ್ಲುತ್ತೀರಿ ಎಂದು ಕೇಳಲಾಯಿತು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸರಾಸರಿಗಿಂತ ಕೆಳಗಿದ್ದೇನೆ ಎಂದವರು ಒಬ್ಬರೂ ಇರಲಿಲ್ಲ. ಕೆಲವರು ಸರಾಸರಿಗಿಂತ ಮೇಲಿದ್ದರೆ ಕೆಲವರು ಕೆಳಗೂ ಇರಲೇಬೇಕಲ್ಲ! ಇದಕ್ಕೆ ತದ್ವಿರುದ್ಧ ನಾರ್ವೆಯ ಹೆಲೀನ್ ನಿಸೆನ್-ಲೀ ಮತ್ತು ಸಂಗಡಿಗರ ಕೆಲಸ. ತಮ್ಮ ಚಿಕಿತ್ಸೆ ಸರಿಯಾಗಿ ನಡೆಯುತ್ತಿದೆಯೇ ಎಂದು ಶಂಕಿಸುವ, ಆದರೆ ವ್ಯಕ್ತಿಯಾಗಿ ತಮ್ಮ ಬಗ್ಗೆ ಕಹಿ ಇಟ್ಟುಕೊಳ್ಳದ ಚಿಕಿತ್ಸಕರ ಬಳಿ ಬಂದವರು ಹೆಚ್ಚು ಸುಧಾರಿಸಿದ್ದನ್ನು ಅವರು ಕಂಡರು. ಇಂಥ ಅಧ್ಯಯನ ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಧಿಸುವುದಿಲ್ಲ, ನಿಜ. ಆದರೂ ತಾನು ಕೊಟ್ಟ ಸಮಾಧಾನ ನಾಟಿದೆ ಎಂದು ನಂಬಿ ಕುಳಿತವರು ಅದು ನಾಟದೇ ಹೋದದ್ದನ್ನು ಗಮನಿಸುವುದು ಹೇಗೆ?

ನಮ್ಮ ಜನಕ್ಕೆ ಇಂಥ ಅನುಮಾನದ ಸಮಾಲೋಚಕರು ಒಗ್ಗುವುದಿಲ್ಲ, ಅವರು ಹಿರಿಯರಿಂದ ಖಡಾಖಂಡಿತ ಬುದ್ಧಿಮಾತು ಬಯಸುತ್ತಾರೆ ಎಂಬ ಆಕ್ಷೇಪವಿದೆ. ಅದು ಹಗುರವಾದ ಆಕ್ಷೇಪವಲ್ಲ. ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್‌ನಲ್ಲಿ ವಿಲೀನವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಎನ್. ಸಿ. ಸೂರ್ಯ ಮತ್ತು ಎಸ್. ಎಸ್. ಜಯರಾಮ್ 1964ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು: ಭಾರತೀಯ ರೋಗಿ ಮನಸ್ಸಿನೊಳಗಿನ ವಿವರಣೆಗಿಂತ ಕಣ್ಣಮುಂದಿನ ಕಷ್ಟಕ್ಕೆ ನೇರ ಆಸರೆ ಕೇಳುತ್ತಾನೆ, ಮನೆಯವರ ಎದುರು ಮಾತಾಡಲೂ ಅಷ್ಟಾಗಿ ಅಳುಕುವುದಿಲ್ಲ. ಆಸರೆ ಕೊಡಲೇಬೇಕು. ಆದರೆ ಆಸರೆ ಬೇರೆ, ಅಪ್ಪಣೆ ಬೇರೆ. ನಮ್ಮದೇ ಕರಾವಳಿಯ ಗೋವಾದಲ್ಲಿ ತೀವ್ರ ಖಿನ್ನತೆಯಿದ್ದ 495 ವಯಸ್ಕರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ಅಪ್ಪಣೆಯಿಲ್ಲದ ಆಸರೆಗೆ ಒಂದು ನಿದರ್ಶನ. ಚಿಕಿತ್ಸೆ ಕೊಟ್ಟವರು ತಜ್ಞರಲ್ಲ, ತರಬೇತಿ ಪಡೆದ ಸ್ಥಳೀಯರು. ಆರರಿಂದ ಎಂಟು ಭೇಟಿ, ಬೇಕಾದರೆ ಮನೆಗೇ ಹೋಗಿ. ಮೂರು ತಿಂಗಳಿಗೆ ಖಿನ್ನತೆ ಹತೋಟಿಗೆ ಬಂದವರು ಶೇ. 64, ಪ್ರಾಥಮಿಕ ಆರೋಗ್ಯ ಕೇಂದ್ರದ ತುಸು ಸುಧಾರಿತ ಮಾಮೂಲಿ ಆರೈಕೆಯನ್ನಷ್ಟೇ ಪಡೆದವರಲ್ಲಿ ಶೇ. 39. ಈ ಸಮಾಲೋಚಕರು ತಮ್ಮ ಮಾತುಕತೆಯನ್ನು ಧ್ವನಿಮುದ್ರಿಸಿ, ಒಬ್ಬರದನ್ನು ಇನ್ನೊಬ್ಬರು ಕೇಳಿ ಅಂಕ ಕೊಡುತ್ತಿದ್ದರು. ನಾನು ಹೇಳುವ ಅನುಮಾನ ಇದು: ಅಳುಕು ಅಲ್ಲ, ಒಂದು ಶಿಸ್ತು.

ಗೋವಾದ ಆ ಚಿಕಿತ್ಸಾ ವಿಧಾನದ ತಿರುಳು ಸರಳ. ರಾತ್ರಿ ಪಾಳಿ ಮುಗಿಸಿ ಬಂದು ಮಧ್ಯಾಹ್ನದವರೆಗೆ ಹಾಸಿಗೆಯಲ್ಲೇ ಹೊರಳಾಡುವ ಕ್ರೇನ್ ಆಪರೇಟರನೊಬ್ಬನನ್ನು ಊಹಿಸಿಕೊಳ್ಳಿ. ಗಟ್ಟಿಯಾಗಿರಿ ಎಂದು ಅವನಿಗೆ ಉಪದೇಶಿಸುವ ಬದಲು ಸಮಾಲೋಚಕಿ ಒಂದು ಹಾಳೆ ಕೊಡುತ್ತಾಳೆ: ಎಷ್ಟು ಗಂಟೆಗೆ ಏನು ಮಾಡಿದಿರಿ, ಆಗ ಮನಸ್ಸು ಹೇಗಿತ್ತು, ಹತ್ತಕ್ಕೆ ಎಷ್ಟು ಅಂಕ. ವಾರದ ನಂತರ ಇಬ್ಬರೂ ಕೂಡಿ ಅದನ್ನು ಓದುತ್ತಾರೆ. ಮಗಳನ್ನು ಟ್ಯೂಷನ್‌ಗೆ ಬಿಟ್ಟುಬಂದ ಸಂಜೆ ಅಂಕ ಮೂರರಿಂದ ಐದಕ್ಕೆ ಏರಿದ್ದರೆ, ಮುಂದಿನ ವಾರ ಅಂಥ ಎರಡು ಸಂಜೆ ಗೊತ್ತುಮಾಡುತ್ತಾರೆ. ಗುರಿ ಅವನದು, ದಾರಿ ಇಬ್ಬರದು. ಅವನ ದುಃಖ ತುಳುವಿನಲ್ಲೋ ಬ್ಯಾರಿಯಲ್ಲೋ ಹೊರಬಂದರೆ ಹಾಳೆಯೂ ಆ ಭಾಷೆಯಲ್ಲೇ ತುಂಬಲಿ.

ಗುತ್ತಿಗೆ ನೌಕರಿಯ ಅಭದ್ರತೆಯನ್ನು, ಸಾಲವನ್ನು ಹಾಳೆಯೊಂದು ತೀರಿಸೀತೇ ಎಂದರೆ, ಇಲ್ಲ. ಗೋವಾದಲ್ಲೂ ಚಿಕಿತ್ಸೆ ಪಡೆದ ನೂರರಲ್ಲಿ ಮೂವತ್ತಾರು ಮಂದಿಗೆ ಅಷ್ಟು ಗುಣ ಕಾಣಲಿಲ್ಲ. ಅಂಥವರನ್ನು ಬೇಗ ಗುರುತಿಸಿ ಮನೋವೈದ್ಯರಲ್ಲಿಗೆ ಕಳಿಸುವುದಕ್ಕೂ ಅದೇ ಅನುಮಾನ ಬೇಕು. ಬೇಕಾದವರಿಗೆ ಬಾಗಿಲೇನೋ ತೆರೆದಿದೆ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿಗಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಯಾರ ಬಳಿಯೇ ಹೋಗಿ, ಮೂರು ನಾಲ್ಕು ಭೇಟಿಯಾದ ಮೇಲೆ ಒಂದು ಪ್ರಶ್ನೆ ಕೇಳಿ: ನಾನು ಸುಧಾರಿಸುತ್ತಿದ್ದೇನೆಯೇ ಎಂಬುದನ್ನು ನೀವು ಹೇಗೆ ತಿಳಿಯುತ್ತೀರಿ? ಆ ಪ್ರಶ್ನೆಗೆ ಸಿಡುಕುವವರನ್ನು ಬಿಟ್ಟು ಬೇರೆಯವರನ್ನು ಹುಡುಕಿಕೊಳ್ಳಿ.