ಡಾಂಬರಿನೊಳಗೆ ಇಳಿಯುವ ನೀರು: ಅಳೆಯುವ ಬಗೆ ಹೇಗೆ?

ಮಳೆಗಾಲ ಆರಂಭವಾಗುತ್ತಿದ್ದಂತೆ ನಗರಗಳ ರಸ್ತೆಗಳಲ್ಲಿ ಗುಂಡಿಗಳು ಬಾಯ್ದೆರೆಯುತ್ತವೆ. ರಸ್ತೆಯ ಮೇಲೆ ನಿಂತ ನೀರು ಎಲ್ಲರ ಕಣ್ಣಿಗೂ ಬೀಳುತ್ತದೆ; ಡಾಂಬರು ಪದರದೊಳಕ್ಕೆ ಇಳಿದ ನೀರು ಮಾತ್ರ ಕಾಣುವುದಿಲ್ಲ. ಜಲ್ಲಿಕಲ್ಲಿನಿಂದ ಡಾಂಬರು ಬಿಟ್ಟುಕೊಳ್ಳುವಂತೆ ಮಾಡಿ, ಅಡಿಪಾಯವನ್ನೂ ದುರ್ಬಲಗೊಳಿಸುವುದು ಈ ಕಾಣದ ನೀರು.

ಡಾಂಬರು ಮಿಶ್ರಣವನ್ನು ರೋಲರ್‌ನಿಂದ ಎಷ್ಟೇ ಅದುಮಿದರೂ ಅದರಲ್ಲಿ ಗಾಳಿಯ ರಂಧ್ರಗಳು ಉಳಿಯುತ್ತವೆ. ಅವು ಬಿಡಿಬಿಡಿಯಾಗಿದ್ದರೆ ಹೆಚ್ಚಿನ ಚಿಂತೆಯಿಲ್ಲ. ಒಂದಕ್ಕೊಂದು ಕೂಡಿಕೊಂಡರೆ ಅವೇ ನೀರಿಗೆ ದಾರಿಯಾಗುತ್ತವೆ. ಆದ್ದರಿಂದ ರಂಧ್ರಗಳ ಪ್ರಮಾಣ ತಿಳಿದರಷ್ಟೇ ಸಾಲದು, ನೀರು ಹಾದುಹೋಗುವ ವೇಗವನ್ನೂ ಅಳೆಯಬೇಕಾಗುತ್ತದೆ.

ಈ ಅಳತೆಗೆ ಆಧಾರ, ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ನಿಯಮ. ಮರಳಿನ ಮೂಲಕ ಹರಿಯುವ ನೀರಿನ ಪ್ರಮಾಣವು ನೀರಿನ ಮಟ್ಟದ ವ್ಯತ್ಯಾಸ ಹೆಚ್ಚಿದಂತೆ ಹೆಚ್ಚುತ್ತದೆ, ಪದರ ದಪ್ಪವಾದಂತೆ ತಗ್ಗುತ್ತದೆ ಎಂಬುದನ್ನು ಅವರು ಪ್ರಯೋಗದಿಂದ ತೋರಿಸಿದರು.

ಪ್ರಯೋಗಾಲಯದಲ್ಲಿ, ರಸ್ತೆಯಿಂದ ಕೊರೆದು ತೆಗೆದ ದುಂಡನೆಯ ಮಾದರಿಯ ರಂಧ್ರಗಳಿಗೆ ಮೊದಲು ನೀರು ತುಂಬಿಸಲಾಗುತ್ತದೆ. ಪಕ್ಕಗಳಿಂದ ನೀರು ಸೋರದಂತೆ ರಬ್ಬರ್ ಪೊರೆಯಿಂದ ಬಿಗಿಯಲಾಗುತ್ತದೆ. ಮೇಲಿನ ಕೊಳವೆಯಲ್ಲಿ ನೀರು ಒಂದು ಗುರುತಿನಿಂದ ಇನ್ನೊಂದು ಗುರುತಿಗೆ ಇಳಿಯಲು ತಗಲುವ ಕಾಲವನ್ನು ಗಡಿಯಾರ ಹಿಡಿದು ನೋಡಿದರೆ, ಮಾದರಿಯ ದಪ್ಪ ಹಾಗೂ ವಿಸ್ತೀರ್ಣಗಳೊಡನೆ ಲೆಕ್ಕ ಹಾಕಿ ಜಲಪ್ರವೇಶ್ಯತೆಯನ್ನು ತಿಳಿಯಬಹುದು. ಬಿಸಿನೀರು ಸುಲಭವಾಗಿ ಹರಿಯುವುದರಿಂದ ಫಲಿತಾಂಶವನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಲಾಗುತ್ತದೆ.

ರಸ್ತೆಯ ಮೇಲೆಯೇ ಕೊಳವೆಯಿಟ್ಟು, ಬುಡವನ್ನು ಮೆತ್ತನೆಯ ಅಂಟಿನಿಂದ ಮುಚ್ಚಿ ಅಳೆಯುವ ಕ್ರಮವೂ ಉಂಟು. ಇಲ್ಲಿ ರಸ್ತೆಯನ್ನು ಕೊರೆಯಬೇಕಿಲ್ಲ. ಆದರೆ ನೀರು ಕೆಳಕ್ಕಷ್ಟೇ ಅಲ್ಲದೆ ಅಡ್ಡಲಾಗಿಯೂ ಹರಡುವುದರಿಂದ ಅಂಕಿ ವಾಸ್ತವಕ್ಕಿಂತ ಹೆಚ್ಚಾಗಿ ಕಾಣುವ ಸಂಭವವಿದೆ.

ಅಮೆರಿಕದ ಫ್ಲಾರಿಡಾದಲ್ಲಿ 1990ರ ದಶಕದಲ್ಲಿ ದಪ್ಪ ಜಲ್ಲಿಯ ಹೊಸ ಮಿಶ್ರಣಗಳು ನಿರೀಕ್ಷೆಗಿಂತ ಹೆಚ್ಚು ನೀರನ್ನು ಒಳಬಿಡುತ್ತಿದ್ದುದು ಕಂಡುಬಂದಿತು. ಅಲ್ಲಿನ ಎಂಜಿನಿಯರುಗಳು ಸೆಕೆಂಡಿಗೆ 0.001 ಸೆಂಟಿಮೀಟರ್ ಎಂಬ ಮಿತಿಯನ್ನು ಸೂಚಿಸಿದರು. ಕೇಳಲು ಅತ್ಯಲ್ಪ, ಆದರೆ ಗಂಟೆಗೆ ಲೆಕ್ಕ ಹಾಕಿದರೆ ಅದು 36 ಮಿಲಿಮೀಟರ್, ಒಂದು ಬಿರುಮಳೆಯಷ್ಟು.

ಉದ್ದೇಶಪೂರ್ವಕವಾಗಿ ನೀರು ಬಿಡುವ ಸರಂಧ್ರ ಡಾಂಬರಿನಲ್ಲಿ ಲೆಕ್ಕ ತಿರುವುಮುರುವು. ನೆದರ್ಲೆಂಡ್ಸ್‌ನ ಹೆದ್ದಾರಿಗಳಲ್ಲಿ ಇದು ವ್ಯಾಪಕ. ಅಲ್ಲಿ ರಂಧ್ರಗಳು ಶೇ 20ರ ಆಸುಪಾಸಿನಲ್ಲಿದ್ದು, ನೀರು ಮೇಲ್ಪದರದೊಳಗೇ ಹರಿದು ಅಂಚಿಗೆ ಸೇರುತ್ತದೆ. ಧೂಳು ತುಂಬಿ ರಂಧ್ರ ಮುಚ್ಚಿದರೆ ನೀರಿಳಿಯುವ ಕಾಲ ಹೆಚ್ಚುತ್ತದೆ; ಸ್ವಚ್ಛಗೊಳಿಸುವ ಸಮಯ ಬಂದಿದೆಯೆಂದು ಅದೇ ಪರೀಕ್ಷೆ ತಿಳಿಸುತ್ತದೆ.