ನವೆಂಬರ್ ಮಳೆಯಲ್ಲಿ ಬೆದೆಗೆ ಬಂದ ಕಾಡು

ಅಮೆರಿಕದ ಪಶ್ಚಿಮ ಕರಾವಳಿಯ ಬೇಟೆಗಾರರು ಬ್ಲ್ಯಾಕ್‌ಟೇಲ್ ಜಿಂಕೆಯನ್ನು ಕಾಡಿನ ಭೂತ ಎನ್ನುವುದುಂಟು. ಉತ್ತರ ಕ್ಯಾಲಿಫೋರ್ನಿಯಾದಿಂದ ಓರೆಗಾನ್, ವಾಷಿಂಗ್ಟನ್ ದಾಟಿ ಕೆನಡಾದ ವ್ಯಾಂಕೂವರ್ ದ್ವೀಪದವರೆಗೆ, ಕ್ಯಾಸ್ಕೇಡ್ ಪರ್ವತಸಾಲಿಗೂ ಪೆಸಿಫಿಕ್ ಸಾಗರಕ್ಕೂ ನಡುವೆ ಹಬ್ಬಿದ ಒದ್ದೆ ಕಾಡುಗಳು ಇದರ ನೆಲೆ. ಡಗ್ಲಸ್ ಫರ್ ಮರಗಳ ಕೆಳಗೆ ಜರೀಗಿಡಗಳೂ ಬ್ಲ್ಯಾಕ್‌ಬೆರಿಯ ಮುಳ್ಳುಪೊದೆಗಳೂ ಹೆಣೆದುಕೊಂಡಿರುವಲ್ಲಿ ಈ ಜಿಂಕೆ ಹತ್ತು ಮಾರು ದೂರದಲ್ಲಿ ಮಲಗಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಬಲಿತ ಗಂಡಂತೂ ಹೆಚ್ಚಾಗಿ ಓಡಾಡುವುದೇ ಕತ್ತಲಲ್ಲಿ. ಅಷ್ಟು ಹುಷಾರಾದ ಪ್ರಾಣಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಮುಗಿಯುವವರೆಗೆ ಹಾಡಹಗಲೇ ಬಯಲಿಗೆ ಬರುತ್ತದೆ. ಅದು ಅದರ ಬೆದೆಗಾಲ.

ಹಗಲು ಕುಗ್ಗಿದಾಗ

ಚಳಿ ಬಿದ್ದರೆ ಬೆದೆ ಶುರು ಎಂಬ ಮಾತು ಬೇಟೆಗಾರರ ನಡುವೆ ಚಾಲ್ತಿಯಲ್ಲಿದೆ. ನಿಜವಾಗಿ ಕಾಲ ನಿಗದಿಪಡಿಸುವುದು ಹಗಲಿನ ಉದ್ದ. ಓರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಜೂನ್ ತಿಂಗಳ ಹಗಲು ಹದಿನೈದೂವರೆ ತಾಸು. ಡಿಸೆಂಬರ್‌ನಲ್ಲಿ ಒಂಬತ್ತು ತಾಸೂ ಇರುವುದಿಲ್ಲ. ಬೆಳಕು ಕುಗ್ಗುತ್ತ ಬಂದಂತೆ ಜಿಂಕೆಯ ಮೈಯೊಳಗಿನ ಹಾರ್ಮೋನುಗಳು ಬದಲಾಗುತ್ತವೆ, ಗಂಡಿನ ಕುತ್ತಿಗೆ ಊದಿಕೊಳ್ಳುತ್ತದೆ. ಗರ್ಭದ ಅವಧಿ ಸುಮಾರು 200 ದಿನ. ನವೆಂಬರ್‌ನಲ್ಲಿ ಕೂಡಿದರೆ ಮರಿ ಹುಟ್ಟುವುದು ಜೂನ್ ಹೊತ್ತಿಗೆ, ಎಳೆ ಸೊಪ್ಪು ಸಮೃದ್ಧವಾಗಿರುವಾಗ.

ಬಂಡೀಪುರದ ಚುಕ್ಕೆ ಜಿಂಕೆಗಳಿಗೆ ಇಂಥ ಬಿಗಿ ಇಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಒಂದೂವರೆ ತಾಸು. ಹಾಗಾಗಿ ನಮ್ಮ ಕಾಡುಗಳಲ್ಲಿ ಬಲಿತ ಕೊಂಬಿನ ಗಂಡುಗಳೂ ಪುಟ್ಟ ಮರಿಗಳೂ ಹೆಚ್ಚುಕಡಿಮೆ ಎಲ್ಲ ತಿಂಗಳಲ್ಲೂ ಕಾಣಸಿಗುತ್ತವೆ.

ವಾಸನೆಯ ವ್ಯವಹಾರ

ಬೆದೆಗಾಲದ ಮುಕ್ಕಾಲು ಪಾಲು ನಡೆಯುವುದು ವಾಸನೆಯಲ್ಲಿ. ಗಂಡು ಹಿಂಗಾಲುಗಳ ಕೀಲುಗಳನ್ನು ಒಂದಕ್ಕೊಂದು ತಾಗಿಸಿ ನಿಂತು, ಅಲ್ಲಿರುವ ಗ್ರಂಥಿಗಳ ಕೂದಲಿನ ಮೇಲೆ ಉಚ್ಚೆ ಹೊಯ್ದು ತಿಕ್ಕಿಕೊಳ್ಳುತ್ತದೆ. ಆಲ್ಡರ್ ಸಸಿಗೆ ಹಣೆ ಉಜ್ಜಿ ಗುರುತು ಬಿಡುತ್ತದೆ; ಕೊಂಬಿನಿಂದ ತೊಗಟೆ ಸುಲಿದು ಹಾಕುತ್ತದೆ. ಈ ಜಿಂಕೆಯ ಗ್ರಂಥಿಗಳಲ್ಲಿ ಯಾವುದರ ವಾಸನೆ ಏನು ತಿಳಿಸುತ್ತದೆ ಎಂಬುದನ್ನು ವಿಜ್ಞಾನಿ ಡೀಟ್‌ಲಾಂಡ್ ಮ್ಯುಲರ್-ಶ್ವಾರ್ಟ್ಸೆ 1971ರಲ್ಲೇ ವಿವರವಾಗಿ ಬರೆದಿದ್ದಾರೆ.

ಮರ ಕಡಿದ ಬಯಲಿನ ಅಂಚಿನಲ್ಲಿ, ಗಾಳಿಗೆ ಎದುರಾಗಿ ಕೂತು ಬೈನಾಕ್ಯುಲರ್ ಹಿಡಿದವರಿಗೆ ಈ ವ್ಯವಹಾರ ಪೂರ್ತಿ ಕಾಣುತ್ತದೆ. ಹೆಣ್ಣೊಂದು ಚಿಗುರು ಕಡಿಯುತ್ತ ಇರುತ್ತದೆ. ಗಂಡು ತಲೆ ತಗ್ಗಿಸಿ, ಕುತ್ತಿಗೆ ಮುಂದೆ ಚಾಚಿ, ಆಗಾಗ ನಾಲಗೆ ಹೊರಹಾಕುತ್ತ ಹಿಂದಿನಿಂದ ಹತ್ತಿರವಾಗುತ್ತದೆ. ಹೆಣ್ಣು ನಾಲ್ಕು ಹೆಜ್ಜೆ ಓಡಿ, ನಿಂತು, ಉಚ್ಚೆ ಹೊಯ್ದು ಮುಂದೆ ಹೋಗುತ್ತದೆ. ಗಂಡು ಆ ಜಾಗ ಮೂಸಿ, ಮೂತಿ ಮೇಲೆತ್ತಿ, ಮೇಲ್ದುಟಿ ಮಡಚಿ ನಿಲ್ಲುತ್ತದೆ. ಊರಿನ ಹೋತ ಮಾಡುವುದೂ ಇದನ್ನೇ. ಹೆಣ್ಣು ಬೆದೆಗೆ ಬಂದಿದೆಯೇ ಎಂಬುದನ್ನು ಅಂಗುಳಿನ ಬಳಿಯ ವಿಶೇಷ ಅಂಗ ಪತ್ತೆಮಾಡುವ ಬಗೆ ಅದು. ಇನ್ನೂ ಬಂದಿಲ್ಲವಾದರೆ ಗಂಡು ಮತ್ತೊಂದು ಹೆಣ್ಣನ್ನು ಹುಡುಕಿ ಹೊರಡುತ್ತದೆ. ಬಂದಿದ್ದರೆ ಬೆನ್ನು ಬಿಡುವುದಿಲ್ಲ. ಹೆಣ್ಣು ಕೂಡಲು ಒಪ್ಪುವುದು ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ. ಆ ಸಲ ತಪ್ಪಿದರೆ ಮೂರು ನಾಲ್ಕು ವಾರಗಳ ನಂತರವೇ ಮತ್ತೆ ಬೆದೆ.

ಅಷ್ಟರಲ್ಲಿ ಇನ್ನೊಂದು ಗಂಡು ಬಂದರೆ ಮೊದಲಿನದು ಕಿವಿ ಹಿಂದಕ್ಕೆ ಮಡಚಿ, ಮೈಗೂದಲು ನಿಗುರಿಸಿ, ಪಕ್ಕೆ ತೋರಿಸುತ್ತ ಬಿಗಿಯಾಗಿ ನಡೆದು ಬರುತ್ತದೆ. ಬಹಳಷ್ಟು ಜಗಳಗಳು ಈ ನಡಿಗೆಯಲ್ಲೇ ತೀರ್ಮಾನವಾಗುತ್ತವೆ. ಕೊಂಬಿಗೆ ಕೊಂಬು ಕೊಡುವುದು ಸರಿಸಮ ಬಲದವು ಎದುರಾದಾಗ. ಮೇವಿನ ನೆನಪೂ ಇಲ್ಲದೆ ಅಲೆಯುವ ಬಲಿತ ಗಂಡು ಈ ಕೆಲವು ವಾರಗಳಲ್ಲಿ ಮೈತೂಕದ ಸುಮಾರು ಐದನೇ ಒಂದು ಪಾಲು ಕಳೆದುಕೊಳ್ಳಬಹುದು. ಚಳಿಗಾಲವನ್ನು ಅದು ಎದುರಿಸಬೇಕಾದ್ದು ಆ ಬಡಕಲು ಮೈಯಲ್ಲೇ.

ಮೈಮರೆತ ಪ್ರಾಣಿ, ಮೈಮರೆಯಬಾರದ ಬೇಟೆಗಾರ

ಬೆದೆಗೆ ಬಂದ ಗಂಡಿಗೆ ಮನುಷ್ಯನ ಭಯ ಕಡಿಮೆ. ರಸ್ತೆಗೆ ಅಡ್ಡ ಬರುವುದೂ ಆಗಲೇ ಹೆಚ್ಚು. ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆಯ ಕನ್ನಡಿಗರು ನವೆಂಬರ್ ಮುಸ್ಸಂಜೆಯಲ್ಲಿ ಕಾರಿನ ವೇಗ ತಗ್ಗಿಸುವುದು ಒಳ್ಳೆಯದು. ಈ ಮೈಮರೆವನ್ನು ಬಲ್ಲ ಕಾನೂನು ಬೇಟೆಯನ್ನೂ ಹಿಡಿತದಲ್ಲಿಟ್ಟಿದೆ. ಪಶ್ಚಿಮ ಓರೆಗಾನ್‌ನಲ್ಲಿ ರೈಫಲ್ ಬೇಟೆಯ ಸಾಮಾನ್ಯ ಋತು ಬೆದೆ ಜೋರಾಗುವ ಮುನ್ನ, ನವೆಂಬರ್ ಆರಂಭದಲ್ಲೇ ಮುಗಿಯುತ್ತದೆ. ಪಶ್ಚಿಮ ವಾಷಿಂಗ್ಟನ್‌ನಲ್ಲಿ ನವೆಂಬರ್ ನಡುವೆ ಸಿಗುವುದು ಕೆಲವೇ ದಿನ. ಪರವಾನಗಿಯ ಜೊತೆ ಟ್ಯಾಗ್ ಬೇಕು. ಹೊಡೆದ ಜಿಂಕೆಗೆ ಅದನ್ನು ಕಟ್ಟಿದ ಮೇಲೆ ಆ ಟ್ಯಾಗಿನ ಬೇಟೆ ಮುಗಿಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಲ್ಲಿ ಬೆಳೆದ ನಮಗೆ ಬೇಟೆಯನ್ನು ಒಪ್ಪುವುದು ಕಷ್ಟ, ಒಪ್ಪಬೇಕೆಂದೂ ಇಲ್ಲ. ಆದರೆ ಒಳ್ಳೆಯ ಬೇಟೆಗಾರನ ಕಣ್ಣಿನಿಂದ ಕಲಿಯುವುದಿದೆ. ಹೊಸಬ ಕೊಂಬು ಹುಡುಕುತ್ತ ಕಾಡೆಲ್ಲ ಅಲೆಯುತ್ತಾನೆ. ಪಳಗಿದವನು ಹೆಣ್ಣುಗಳು ಮೇಯುವ ಜಾಗ ಗುರುತಿಸಿ ಅಲ್ಲೇ ಕೂರುತ್ತಾನೆ. ಹೆಣ್ಣು ಸಾಮಾನ್ಯವಾಗಿ ಚಿಕ್ಕ ವಲಯದಲ್ಲೇ ಬದುಕುತ್ತದೆ. ಯಾವ ಗಂಡು ಎಷ್ಟು ದೂರದಿಂದ ಬಂದರೂ ಬರಬೇಕಾದ್ದು ಅಲ್ಲಿಗೇ. ಮೇಯುತ್ತಿದ್ದ ಹೆಣ್ಣು ತಲೆಯೆತ್ತಿ ಹಿಂದಕ್ಕೆ ನೋಡಿದರೆ, ಅದು ನೋಡಿದ ದಿಕ್ಕಿಗೆ ಬೈನಾಕ್ಯುಲರ್ ತಿರುಗಿಸಬೇಕು. ಕೈಯಲ್ಲಿ ಕ್ಯಾಮೆರಾ ಇದ್ದವರಿಗೂ ಇದೇ ಪಾಠ: ಕೊಂಬಿನ ಆಸೆ ಬದಿಗಿಟ್ಟು ಹೆಣ್ಣನ್ನು ಗಮನಿಸಿ. ಬೆದೆಗಾಲದಲ್ಲಿ ಯಾವಾಗ, ಎಲ್ಲಿ, ಯಾರು ಎಂಬುದೆಲ್ಲ ಅದರ ಸುತ್ತಲೇ ತೀರ್ಮಾನವಾಗುತ್ತದೆ.