ರೆಕ್ಕೆಯೊಳಗಿನ ಗಾಜಿನ ಎಳೆ: ಕಲ್ಪನೆ ಎಷ್ಟು, ಸತ್ಯ ಎಷ್ಟು?

ರಾಜಾನುಕುಂಟೆಯಲ್ಲಿ ಆಪ್ಟಿಕಲ್ ಫೈಬರ್ ಎಂದರೆ ದೊಡ್ಡಬಳ್ಳಾಪುರ ರಸ್ತೆಯ ಬದಿ ಅಗೆದು ಹೂಳುವ ಇಂಟರ್ನೆಟ್ ಕೇಬಲ್. ಯಲಹಂಕ ವಾಯುನೆಲೆಯಿಂದ ಏರುವ ವಿಮಾನದ ಸದ್ದಿಗೂ ಆ ಕೇಬಲ್ಲಿಗೂ ನಂಟಿದೆ ಎಂದರೆ ಎಂಜಿನಿಯರಿಂಗ್ ಓದುವ ಹುಡುಗರೂ ಹುಬ್ಬೇರಿಸುತ್ತಾರೆ. ಅದೇ ಜಾತಿಯ ಗಾಜಿನ ಎಳೆಯನ್ನು ವಿಮಾನದ ಕಾಂಪೋಸಿಟ್ ಭಾಗದೊಳಗೆ ಹುದುಗಿಸಿ, ಒಳಗಿನ ಬಿಸಿಯನ್ನು ಹೊರಗಿನಿಂದ ಓದಬಹುದು. ಈ ವಿಷಯ ಬಂದಾಗಲೆಲ್ಲ ಕೇಳುವ ಕೆಲವು ಮಾತುಗಳಿವೆ.

"ಕಾಂಪೋಸಿಟ್‌ಗೆ ಬಿಸಿ ತಟ್ಟಿದರೆ ಸುಟ್ಟ ಗುರುತು ಕಾಣುತ್ತದಲ್ಲ, ಸೆನ್ಸರ್ ಯಾಕೆ?"

ಕಾಣಲೇಬೇಕೆಂದಿಲ್ಲ. ಕಾರ್ಬನ್ ಎಳೆಗಳ ಪದರಗಳನ್ನು ಎಪಾಕ್ಸಿ ಅಂಟು ಹಿಡಿದಿಟ್ಟಿರುತ್ತದೆ. ಅತಿಯಾದ ಶಾಖಕ್ಕೆ ಮೊದಲು ಸೋಲುವುದು ಆ ಅಂಟು. ಮೇಲ್ಮೈ ಕಪ್ಪಾಗುವ ಮೊದಲೇ ಪದರಗಳ ನಡುವಿನ ಹಿಡಿತ ಸಡಿಲಗೊಂಡಿರಬಹುದು. ಅಲ್ಯೂಮಿನಿಯಂ ಶಾಖವನ್ನು ಬೇಗ ಸುತ್ತಲೂ ಹರಡಿಬಿಡುತ್ತದೆ. ಕಾಂಪೋಸಿಟ್‌ನಲ್ಲಿ ಪದರದಿಂದ ಪದರಕ್ಕೆ ಶಾಖ ದಾಟುವುದು ಬಹಳ ನಿಧಾನ. ಹಾಗಾಗಿ ಒಂದು ಬದಿ ಕಾದಿದ್ದರೂ ಇನ್ನೊಂದು ಬದಿಯನ್ನು ಮುಟ್ಟಿದವರಿಗೆ ತಿಳಿಯದೆ ಹೋಗಬಹುದು. 2013ರ ಜುಲೈ 12ರಂದು ಲಂಡನ್ನಿನ ಹೀಥ್ರೂನಲ್ಲಿ ನಿಂತಿದ್ದ ಇಥಿಯೋಪಿಯನ್ ಏರ್‌ಲೈನ್ಸ್‌ನ ಬೋಯಿಂಗ್ 787 ವಿಮಾನಕ್ಕೆ ಬೆಂಕಿ ಬಿತ್ತು. ಒಳಗೆ ಯಾರೂ ಇರಲಿಲ್ಲ. ಸಣ್ಣದೊಂದು ಲಿಥಿಯಂ ಬ್ಯಾಟರಿಯಿಂದ ಹೊರಟ ಬೆಂಕಿ, ಹಿಂಭಾಗದ ಚಾವಣಿಯ ಕಾಂಪೋಸಿಟ್‌ನಲ್ಲಿದ್ದ ಅಂಟನ್ನೇ ಇಂಧನ ಮಾಡಿಕೊಂಡು ನಿಧಾನವಾಗಿ ಉರಿಯಿತು. ನಮ್ಮ ಯುದ್ಧವಿಮಾನ ತೇಜಸ್‌ನ ಒಡಲಿನ ತೂಕದಲ್ಲೂ ಸುಮಾರು 45% ಕಾಂಪೋಸಿಟ್ಟೇ. ಏರೋ ಇಂಡಿಯಾದಲ್ಲಿ ಅದು ಪಲ್ಟಿ ಹೊಡೆಯುವುದನ್ನು ಕತ್ತೆತ್ತಿ ನೋಡುವ ನಮಗೆ ಇದು ದೂರದ ವಿಷಯವಲ್ಲ.

"ಗಾಜಿನ ಎಳೆ ಆ ಬಿಸಿಯಲ್ಲಿ ಉಳಿಯುತ್ತದೆಯೇ?" ಉಳಿಯುತ್ತದೆ. ಇಂಥ ಭಾಗಗಳನ್ನು ಆಟೋಕ್ಲೇವ್ ಎಂಬ ದೈತ್ಯ ಪ್ರೆಶರ್ ಕುಕ್ಕರಿನಲ್ಲಿ ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ; ಗಾಜಿಗೆ ಅದೇನೂ ಅಲ್ಲ. ಸೋಲುವುದು ಎಳೆಯ ಮೇಲಿನ ಹೊದಿಕೆ. ಟೆಲಿಕಾಂ ಎಳೆಯ ಅಕ್ರಿಲೇಟ್ ಹೊದಿಕೆ 85 ಡಿಗ್ರಿಯ ಆಸುಪಾಸಿನ ಕೆಲಸಕ್ಕೆ ಮಾಡಿದ್ದು, ಪಾಲಿಇಮೈಡ್ ಹೊದಿಕೆ 300 ಡಿಗ್ರಿಯವರೆಗೂ ತಾಳುತ್ತದೆ. ಒಳಗಿಟ್ಟ ಎಳೆ ಬೇಯಿಸುವಾಗಲೇ ಕೆಲಸಕ್ಕೆ ಬರುತ್ತದೆ. ಗಟ್ಟಿಯಾಗುತ್ತಾ ಅಂಟು ತಾನೇ ಶಾಖ ಬಿಡುತ್ತದೆ, ದಪ್ಪ ಭಾಗದ ನಡುಮಧ್ಯ ಒಲೆಗಿಂತ ಬಿಸಿಯಾಗಿಬಿಡಬಹುದು. ಅಚ್ಚಿನ ಮೇಲೆ ಬಿಸಿ ಅಳೆಯುವ ಥರ್ಮೋಕಪಲ್‌ಗೆ ಅದು ಗೊತ್ತಾಗುವುದಿಲ್ಲ.

ಎಳೆಯಲ್ಲಿ ಕರೆಂಟ್ ಹರಿಯುತ್ತದೆ ಎಂಬುದೂ ತಪ್ಪು. ಹೋಗುವುದೂ ಬರುವುದೂ ಬೆಳಕು ಮಾತ್ರ. ಕಿಡಿಯ ಭಯವಿಲ್ಲ, ರೇಡಾರ್, ಮೋಟಾರುಗಳ ವಿದ್ಯುತ್ ಗದ್ದಲ ಅದಕ್ಕೆ ತಟ್ಟುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ, ಬಲ್ಲವರನ್ನೂ ಎಡವಿಸುವುದು: "ಈ ಸೆನ್ಸರ್ ಉಷ್ಣತೆಯನ್ನು ನೇರವಾಗಿ ಹೇಳುತ್ತದೆ." ಅದು ಹೇಳುವುದು ಬೆಳಕಿನ ತರಂಗಾಂತರವನ್ನಷ್ಟೇ. ಎಳೆಯ ತಿರುಳಿನಲ್ಲಿ ನೇರಳಾತೀತ ಬೆಳಕಿನಿಂದ ಅರ್ಧ ಮೈಕ್ರಾನ್ ಅಂತರದಲ್ಲಿ ಗೆರೆಗಳನ್ನು ಮೂಡಿಸುತ್ತಾರೆ, ಹೆಸರು ಬ್ರ್ಯಾಗ್ ಗ್ರೇಟಿಂಗ್. ಈ ಗೆರೆಗಳು ಒಂದೇ ಒಂದು ತರಂಗಾಂತರವನ್ನು ಹಿಂದಕ್ಕೆ ಕಳಿಸುತ್ತವೆ. ಬಿಸಿಯಾದರೆ ಅದು ತುಸು ಸರಿಯುತ್ತದೆ. ಗಾಜು ಹಿಗ್ಗುವುದರಿಂದ ಎಂದುಕೊಂಡವರು ಬಹಳ. ನಿಜಕ್ಕೂ ಸಿಲಿಕಾ ಹಿಗ್ಗುವುದು ಅತ್ಯಲ್ಪ, ಬದಲಾಗುವುದು ಮುಖ್ಯವಾಗಿ ಅದರ ವಕ್ರೀಭವನಾಂಕ. 1550 ನ್ಯಾನೋಮೀಟರ್ ಬೆಳಕಿನಲ್ಲಿ ಪ್ರತಿ ಡಿಗ್ರಿಗೆ ಸುಮಾರು 10 ಪಿಕೋಮೀಟರ್ ಸರಿತ.

ಎಳೆಯನ್ನು ಜಗ್ಗಿದರೂ ಅದೇ ತರಂಗಾಂತರ ಸರಿಯುತ್ತದೆ. ಒಂದು ಮೀಟರ್ ಉದ್ದದ ಭಾಗ ಭಾರಕ್ಕೆ 0.8 ಮಿಲಿಮೀಟರ್ ಹಿಗ್ಗಿತು ಅನ್ನಿ. ಗ್ರೇಟಿಂಗ್ ಸುಮಾರು 960 ಪಿಕೋಮೀಟರ್ ಸರಿಯುತ್ತದೆ, ಬಿಸಿಯ ಲೆಕ್ಕದಲ್ಲಿ ಓದಿದರೆ 96 ಡಿಗ್ರಿ! ಭಾಗ ತಣ್ಣಗೇ ಇರುತ್ತದೆ. ಅದಕ್ಕೇ ಒಂದು ಗ್ರೇಟಿಂಗನ್ನು ಸಣ್ಣ ನಳಿಗೆಯೊಳಗೆ ಸಡಿಲವಾಗಿ ಬಿಡುತ್ತಾರೆ. ಎಳೆತ ಅದಕ್ಕೆ ತಟ್ಟದು, ಶಾಖ ಮಾತ್ರ ತಟ್ಟುತ್ತದೆ. ಪಕ್ಕದ ಗ್ರೇಟಿಂಗಿಗೆ ಎರಡೂ ತಟ್ಟುತ್ತವೆ. ಒಂದರಿಂದ ಒಂದನ್ನು ಕಳೆದರೆ ಲೆಕ್ಕ ಹೊಂದುತ್ತದೆ. ಸುತ್ತಲಿನ ವಸ್ತುವೂ ಸುಮ್ಮನಿರುವುದಿಲ್ಲ. ಕಾರ್ಬನ್ ಎಳೆ ತನ್ನ ಉದ್ದಕ್ಕೆ ಬಿಸಿಗೆ ಹಿಗ್ಗುವುದೇ ಇಲ್ಲವೆನ್ನಬಹುದು, ಗಾಜುನಾರಿನ ಕಾಂಪೋಸಿಟ್ ಹಿಗ್ಗುತ್ತದೆ. ಒಂದರಲ್ಲಿ ಸರಿಹೊಂದಿಸಿದ ಅಳತೆಯನ್ನು ಇನ್ನೊಂದಕ್ಕೆ ಹಾಗೇ ಹಚ್ಚಬಾರದು.

ಇದೆಲ್ಲ ಹೊರದೇಶದ ವಿದ್ಯೆ ಎನ್ನುವವರಿಗೆ ಎರಡು ಮಾತು. ನಿಶಾಂತ್ ಎಂಬ ಪೈಲಟ್ ಇಲ್ಲದ ವಿಮಾನದ ಬಾಲದ ತೋಳಿನೊಳಗೆ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆಗಳಾದ ಎಡಿಇ ಮತ್ತು ಎನ್‌ಎಎಲ್‌ಗಳ ವಿಜ್ಞಾನಿಗಳು ಇಸ್ರೇಲಿನವರ ಜೊತೆಗೂಡಿ ಇಂಥ ಎಳೆಗಳನ್ನು ಹುದುಗಿಸಿ, ಹಾರಾಟದಲ್ಲೇ ಅಳೆದರು. ಅಲ್ಲಿ ಮುಖ್ಯ ಗುರಿ ಶಾಖವಲ್ಲ, ಎಳೆತ. ಎಳೆ ಮಾತ್ರ ಅದೇ. ಎಳೆಯ ಉದ್ದಕ್ಕೂ ಉಷ್ಣತೆ ಓದುವ ಇನ್ನೊಂದು ವಿಧಾನದ ಬುಡದಲ್ಲಿರುವುದು 1928ರ ರಾಮನ್ ಪರಿಣಾಮ. ಅದನ್ನು ಕಂಡ ಸಿ. ವಿ. ರಾಮನ್ 1948ರಲ್ಲಿ ಕಟ್ಟಿದ ಸಂಸ್ಥೆ ಮೇಖ್ರಿ ವೃತ್ತದ ಹತ್ತಿರವೇ ಇದೆ. ಆ ವಿಧಾನದಲ್ಲಿ ಎಳೆತದ ಗೊಂದಲ ಕಡಿಮೆ. ಸಾಮಾನ್ಯವಾಗಿ ಮೀಟರಿಗೊಂದು ಓದು ಸಿಗುವುದರಿಂದ ಸುರಂಗಕ್ಕೆ, ವಿದ್ಯುತ್ ಕೇಬಲ್ಲಿಗೆ ಒಪ್ಪುತ್ತದೆ. ಅಂಗೈಯಗಲದ ಬಿಸಿ ಕಲೆ ಹುಡುಕಲು ಸಾಲದು.

"ಹೊರಗಿನ ಎಳೆ ತುರುಕಿದರೆ ಭಾಗವೇ ದುರ್ಬಲವಾಗದೇ?" ಈ ಆತಂಕದಲ್ಲಿ ಸ್ವಲ್ಪ ಹುರುಳಿದೆ. ಗಾಜಿನ ಎಳೆ 125 ಮೈಕ್ರಾನ್, ಕಾರ್ಬನ್ ಎಳೆ ಐದರಿಂದ ಏಳು ಮೈಕ್ರಾನ್. ಕಾರ್ಬನ್ ಸಾಗಿದ ದಿಕ್ಕಿಗೇ ಇಟ್ಟರೆ ನಡುವೆ ಹೊಂದಿಕೊಂಡು ಕೂರುತ್ತದೆ. ಅಡ್ಡಲಾಗಿ ಇಟ್ಟರೆ ಎರಡೂ ಪಕ್ಕ ಕಣ್ಣಿನಾಕಾರದ ಅಂಟಿನ ಗುಂಡಿ ಉಳಿಯುತ್ತದೆ, ಬಿರುಕಿಗೆ ಅದು ಮನೆಬಾಗಿಲು. ಇಡುವ ಕೈ ಬಲ್ಲದ್ದಾಗಿರಬೇಕು. ಕೊನೆಗೆ ಕಷ್ಟ ಕೊಡುವ ಜಾಗ ಮಾತ್ರ ಬೇರೆ: ಎಳೆ ಕಾಂಪೋಸಿಟ್‌ನಿಂದ ಹೊರಬರುವ ಅಂಚು. ಬೆಂದ ಭಾಗವನ್ನು ಅಳತೆಗೆ ಕತ್ತರಿಸುವಾಗ ಅಂಚಿನ ಜೊತೆ ಎಳೆಯೂ ತುಂಡಾದರೆ, ಒಳಗಿನ ಗ್ರೇಟಿಂಗ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಓದುವ ದಾರಿಯೇ ಇರುವುದಿಲ್ಲ.